ಅತ್ತಿ ಮರದ ಹೂವು ಎಲ್ಲಿದೆ? ಕಾಫಿ ತೋಟದ ಒಂದು ಮರ, ಅದನ್ನು ನಂಬಿದ ಬಳಗ

ನನ್ನ ಅಕ್ಕನ ಮಗಳು ಮೂರನೆಯ ತರಗತಿಯಲ್ಲಿದ್ದಾಳೆ. ಕೊಡಗಿನ ಸಿದ್ದಾಪುರದ ಕಡೆಯ ಅವರ ಕಾಫಿ ತೋಟದಲ್ಲಿ ಮಾವು, ಹಲಸು, ಕಿತ್ತಳೆ ಎಲ್ಲವೂ ಇವೆ. ಆದರೂ ಅವಳಿಗೆ ಅಚ್ಚುಮೆಚ್ಚು ತೋಡಿನ ಬದಿಯ ಅತ್ತಿ ಮರ. ಅಲ್ಲಿ ಯಾವಾಗ ಹೋದರೂ ಯಾರಾದರೂ ಇರುತ್ತಾರೆ ಎಂಬುದೇ ಕಾರಣ. ಬೆಳಿಗ್ಗೆ ಕುಟ್ರು ಹಕ್ಕಿ, ಮಧ್ಯಾಹ್ನ ಕೆಂದಳಿಲು, ಸಂಜೆಗೆ ಬಾವಲಿ. ಅವಳು ಕೇಳುವ ಪ್ರಶ್ನೆಗಳಲ್ಲಿ ಒಂದು ನನ್ನನ್ನು ಬಹಳ ಕಾಲ ಬಿಡಲಿಲ್ಲ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಇಡೀ ತೋಟ ಬಿಳಿ ಹೂವಿನಿಂದ ತುಂಬುತ್ತದೆ, ಹಾಲುವಾಣ ಕೆಂಪಗೆ ಅರಳುತ್ತದೆ, ಮಾವು ಚಿಗುರಿನ ಜೊತೆಗೆ ಹೂ ಬಿಡುತ್ತದೆ. ಅತ್ತಿ ಮಾತ್ರ ಹೂವೇ ಬಿಡದೆ ನೇರವಾಗಿ ಕಾಯಿ ಬಿಡುವುದು ಹೇಗೆ?

ಅತ್ತಿ ಹೂ ಬಿಡುತ್ತದೆ, ಸಾವಿರಗಟ್ಟಲೆ ಬಿಡುತ್ತದೆ. ಅವು ಎಲ್ಲಿ ಅಡಗಿವೆ ಎಂಬುದು ತಿಳಿದರೆ ಆ ಮರಕ್ಕೆ ಇಷ್ಟೊಂದು ಜೀವಿಗಳು ಏಕೆ ಬರುತ್ತವೆ ಎಂಬುದೂ ತಿಳಿಯುತ್ತದೆ. ಒಂದು ತೋಟದ ಅತ್ತಿ ಮರ ಆ ತೋಟಕ್ಕಷ್ಟೇ ಸೇರಿದ್ದಲ್ಲ ಎಂಬುದೂ ಅಲ್ಲಿಂದಲೇ ಸ್ಪಷ್ಟವಾಗುತ್ತದೆ. ನನಗೆ ಮುಖ್ಯವಾಗಿ ಹೇಳಬೇಕಿರುವುದು ಈ ಕೊನೆಯ ಮಾತನ್ನೇ.

ಮರದ ಕಾಂಡಕ್ಕೆ, ದಪ್ಪ ಕೊಂಬೆಗಳಿಗೆ ಅಂಟಿಕೊಂಡು ಗೊಂಚಲು ಗೊಂಚಲಾಗಿ ಕಾಣುವ ಹಸಿರು ಗುಂಡುಗಳನ್ನು ನಾವು ಅತ್ತಿಕಾಯಿ ಎನ್ನುತ್ತೇವೆ. ಎಳೆಯದಾಗಿರುವಾಗ ಅದು ಕಾಯಿಯಲ್ಲ, ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಎಳೆಯ ಗುಂಡೊಂದನ್ನು ಚಾಕುವಿನಿಂದ ಎರಡು ಹೋಳು ಮಾಡಿದರೆ ನಡುವೆ ಪೊಳ್ಳು ಜಾಗ, ಅದರ ಸುತ್ತ ಗೋಡೆಯ ಮೇಲೆ ಒತ್ತೊತ್ತಾಗಿ ನಿಂತ ಸಣ್ಣ ಎಳೆಗಳು ಕಾಣುತ್ತವೆ. ಒಂದೊಂದು ಎಳೆಯೂ ಒಂದೊಂದು ಹೂವು. ದಳವೂ ಇಲ್ಲ, ಬಣ್ಣವೂ ಇಲ್ಲ. ತೊಟ್ಟಿಗೆ ಎದುರಾದ ತುದಿಯಲ್ಲಿ ಹುರುಪೆಯಂಥ ಎಲೆಗಳು ಮುಚ್ಚಿದ ಒಂದು ಸಣ್ಣ ತೂತಿದೆ. ಹೊರಲೋಕಕ್ಕೂ ಈ ಹೂಗಳಿಗೂ ಇರುವ ದಾರಿ ಅದೊಂದೇ. ಜೇನು ಅಲ್ಲಿ ತೂರಲಾರದು, ಗಾಳಿಯೂ ಪರಾಗವನ್ನು ಒಳಗೆ ಒಯ್ಯಲಾರದು. ಆ ಬಾಗಿಲಿಗೆಂದೇ ಒಂದು ಕಣಜವಿದೆ.

ಕಣಜ ಎಂದಾಗ ಕಾಫಿ ಕೊಯ್ಯುವಾಗ ಕೈಗೆ ಕುಟುಕುವ ಹಳದಿ ಹುಳುವನ್ನು ನೆನೆಯಬೇಡಿ. ಅತ್ತಿಯ ಕಣಜ ಸುಮಾರು ಎರಡು ಮಿಲಿಮೀಟರ್ ಉದ್ದದ್ದು, ಮನುಷ್ಯರನ್ನು ಕುಟುಕುವುದಿಲ್ಲ. ವಿಜ್ಞಾನಿಗಳು ಇದನ್ನು ಸೆರಟೊಸೋಲೆನ್ ಫ್ಯುಸಿಸೆಪ್ಸ್ ಎಂದು ಕರೆಯುತ್ತಾರೆ. ಎಳೆಗಾಯಿಯೊಳಗಿನ ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾದಾಗ ಮರ ತನ್ನದೇ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ಹೆಚ್ಚೇನೂ ಹೇಳದು, ಕಣಜಕ್ಕೆ ಅದೇ ಕರೆ. ಹಾರಿ ಬಂದ ಹೆಣ್ಣು ಕಣಜ ತೂತನ್ನು ಹುಡುಕಿ, ಹುರುಪೆಗಳ ನಡುವೆ ತೂರಿಕೊಂಡು ಒಳಗೆ ಹೋಗುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಕಿತ್ತುಹೋಗುತ್ತವೆ, ಮೀಸೆಯ ತುದಿಗಳೂ ಮುರಿಯುತ್ತವೆ. ಒಳಗೆ ಹೋದ ಮೇಲೆ ಮತ್ತೆ ಹಾರುವ ಮಾತಿಲ್ಲ.

ಕತ್ತಲೆಯ ಆ ಕೋಣೆಯಲ್ಲಿ ಅದು ಎರಡು ಕೆಲಸ ಮಾಡುತ್ತದೆ. ತಾನು ಹುಟ್ಟಿದ ಅತ್ತಿಕಾಯಿಯಿಂದ ಎದೆಯ ಬಳಿಯ ಪುಟ್ಟ ಕುಳಿಗಳಲ್ಲಿ ತುಂಬಿಕೊಂಡು ಬಂದ ಪರಾಗವನ್ನು ಹೂಗಳ ಮೇಲೆ ಉದುರಿಸುತ್ತದೆ, ಜೊತೆಗೆ ಮೊಟ್ಟೆಯನ್ನೂ ಇಡುತ್ತದೆ. ಹೂಗಳಲ್ಲಿ ಕೆಲವಕ್ಕೆ ನಳಿಕೆ ಗಿಡ್ಡ, ಕೆಲವಕ್ಕೆ ಉದ್ದ. ಗಿಡ್ಡ ನಳಿಕೆಯ ಹೂವಿನ ಅಂಡಾಶಯಕ್ಕೆ ಕಣಜದ ಮೊಟ್ಟೆಯಿಡುವ ಕೊಳವೆ ಮುಟ್ಟುತ್ತದೆ, ಅಲ್ಲಿ ಮರಿ ಬೆಳೆಯುತ್ತದೆ. ಉದ್ದ ನಳಿಕೆಯ ಹೂವಿನಲ್ಲಿ ಮುಟ್ಟುವುದಿಲ್ಲ, ಅಲ್ಲಿ ಬೀಜ ಕಟ್ಟುತ್ತದೆ. ಹೀಗೆ ಒಂದೇ ಗುಂಡಿನಲ್ಲಿ ಮರದ ಸಂತಾನವೂ ಕಣಜದ ಸಂತಾನವೂ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಮರ ತನ್ನ ಹೂಗಳಲ್ಲಿ ಒಂದು ಪಾಲನ್ನು ಕಣಜಕ್ಕೆ ಬಿಟ್ಟುಕೊಟ್ಟು ಉಳಿದದ್ದಕ್ಕೆ ಬೀಜ ಪಡೆಯುತ್ತದೆ. ತಾಯಿ ಕಣಜ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ.

ಕೆಲವು ವಾರಗಳ ನಂತರದ ಘಟ್ಟ ಇನ್ನೂ ಸೋಜಿಗದ್ದು. ಮೊದಲು ಹೊರಬರುವುದು ಗಂಡು ಕಣಜಗಳು. ಅವಕ್ಕೆ ರೆಕ್ಕೆಯೇ ಇಲ್ಲ. ಹುಟ್ಟಿದ ಕಾಯಿಯೇ ಅವುಗಳ ಇಡೀ ಲೋಕ. ಅವು ಹೆಣ್ಣು ಕಣಜಗಳಿರುವ ಹೂಗಳನ್ನು ಹುಡುಕಿ, ಗೋಡೆ ಕೊರೆದು, ಅವು ಹೊರಬರುವ ಮೊದಲೇ ಕೂಡುತ್ತವೆ. ಆಮೇಲೆ ಎಲ್ಲ ಗಂಡುಗಳೂ ಒಟ್ಟಾಗಿ ಕಾಯಿಯ ಗೋಡೆಯಲ್ಲಿ ಸುರಂಗ ತೋಡುತ್ತವೆ. ಅಷ್ಟು ಹೊತ್ತಿಗೆ ಸರಿಯಾಗಿ ಕಾಯಿಯೊಳಗಿನ ಗಂಡು ಹೂಗಳು ಪರಾಗ ಬಿಡುತ್ತವೆ. ಹೆಣ್ಣು ಹೂಗಳಿಗೂ ಗಂಡು ಹೂಗಳಿಗೂ ನಡುವೆ ವಾರಗಟ್ಟಲೆ ಅಂತರವಿರುವುದೇ ಇಡೀ ಏರ್ಪಾಡಿನ ಕೀಲಿ. ರೆಕ್ಕೆಯುಳ್ಳ ಹೆಣ್ಣುಗಳು ಪರಾಗವನ್ನು ಕುಳಿಗಳಿಗೆ ತುಂಬಿಕೊಂಡು ಗಂಡುಗಳು ತೋಡಿದ ದಾರಿಯಲ್ಲಿ ಹೊರಗೆ ಹಾರುತ್ತವೆ. ಗಂಡುಗಳ ಆಯುಷ್ಯ ಅಲ್ಲಿಗೆ ಮುಗಿಯುತ್ತದೆ.

ಕಾಯಿ ಕೆಂಪಾಗಿ, ಮೆತ್ತಗಾಗಿ, ಸಿಹಿಯಾಗುವುದು ಕಣಜಗಳು ಹೊರಟುಹೋದ ಮೇಲೆ. ಅದಕ್ಕೆ ಮೊದಲೇ ಹಣ್ಣಾಗಿದ್ದರೆ ಹಕ್ಕಿಗಳು ಕಣಜದ ಮರಿಗಳನ್ನೂ ಸೇರಿಸಿ ನುಂಗಿಬಿಡುತ್ತಿದ್ದವು, ಪರಾಗ ಹೊರುವವರೇ ಉಳಿಯುತ್ತಿರಲಿಲ್ಲ. ಹೊರಗೆ ಚೆಂದ ಕಾಣುವ ಅತ್ತಿ ಹಣ್ಣನ್ನು ಬಿಡಿಸಿದರೆ ಬರೀ ಹುಳು ಎಂದು ಹಿರಿಯರು ಆಡುವ ಮಾತನ್ನು ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಹೇಳಲೇಬೇಕು. ಹಣ್ಣಾಗುವ ಹೊತ್ತಿಗೆ ಹೆಣ್ಣು ಕಣಜಗಳು ಒಳಗಿರುವುದಿಲ್ಲ. ಸತ್ತ ಗಂಡುಗಳ ಧೂಳಿನಷ್ಟು ಸಣ್ಣ ದೇಹಗಳು ಉಳಿದಿರಬಹುದು. ಬಿದ್ದು ಕೊಳೆತ ಹಣ್ಣಿನಲ್ಲಿ ಮಿಜಿಗುಟ್ಟುವ ಬಿಳಿ ಹುಳುಗಳು ಆಮೇಲೆ ಬಂದ ನೊಣ, ಜೀರುಂಡೆಗಳ ಮರಿಗಳು. ಅತ್ತಿಯ ಬಗೆಗಿನ ಹೇಸಿಗೆಯಲ್ಲಿ ಹೆಚ್ಚಿನದು ಈ ಇಬ್ಬರನ್ನು ಒಂದೇ ಎಂದುಕೊಂಡದ್ದರ ಫಲ.

ಈ ಒಪ್ಪಂದ ಎಷ್ಟು ಹಳೆಯದು? ಇಂಗ್ಲೆಂಡಿನ ದಕ್ಷಿಣದ ಐಲ್ ಆಫ್ ವೈಟ್ ದ್ವೀಪದಲ್ಲಿ ಸಿಕ್ಕ ಅತ್ತಿ ಕಣಜದ ಪಳೆಯುಳಿಕೆಗೆ 3.4 ಕೋಟಿ ವರ್ಷ ವಯಸ್ಸು. ಅದರ ದೇಹ ಇಂದಿನ ಕಣಜಗಳ ದೇಹದಂತೆಯೇ ಇದೆ, ಅದರ ಮೇಲೆ ಅತ್ತಿ ಜಾತಿಯ ಪರಾಗವೂ ಸಿಕ್ಕಿದೆ. ವಂಶವಾಹಿಗಳ ಲೆಕ್ಕ ಇನ್ನೂ ಹಿಂದಕ್ಕೆ, ಸುಮಾರು 7.5 ಕೋಟಿ ವರ್ಷಗಳ ಆಚೆಗೆ ಹೋಗುತ್ತದೆ. ಜಗತ್ತಿನಲ್ಲಿ ಅತ್ತಿಯ ಬಳಗದ ಜಾತಿಗಳು 750ಕ್ಕೂ ಹೆಚ್ಚು. ನಮ್ಮ ಆಲ, ಅರಳಿ, ಬಸರಿ, ಗೋಣಿ, ಗರಗತ್ತಿ ಎಲ್ಲವೂ ಅದೇ ಬಳಗ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟಲು ಬಳಸುವ ಎಲೆಗಳಲ್ಲಿ ಅರಳಿಯೂ ಒಂದಲ್ಲವೇ, ಅದರ ಕಾಯಿಯೊಳಗೂ ಇದೇ ಕಥೆ ನಡೆಯುತ್ತದೆ, ಕಣಜ ಮಾತ್ರ ಬೇರೆ. ಅಪವಾದಗಳಿದ್ದರೂ ಒಟ್ಟಾರೆ ನಿಯಮ ಒಂದು ಮರದ ಜಾತಿಗೆ ಒಂದು ಕಣಜದ ಜಾತಿ. ಅತ್ತಿಯ ಕಣಜ ಅರಳಿಗೆ ಹೋಗದು.

ಎಲ್ಲಿ ಊಟವಿದೆಯೋ ಅಲ್ಲಿ ಕರೆಯದವರೂ ಬರುತ್ತಾರೆ. ಕಾಯಿಯ ಹೊರಗೆ ಕುಳಿತು, ಕೂದಲಿಗಿಂತ ತೆಳ್ಳಗಿನ ಉದ್ದ ಕೊಳವೆಯನ್ನು ಗೋಡೆಯ ಮೂಲಕ ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳಿವೆ. ಅವು ಪರಾಗ ತರುವುದಿಲ್ಲ. ಕೆಲವು ಹೂಗಳನ್ನು ತಿನ್ನುತ್ತವೆ, ಕೆಲವು ಒಳಗಿರುವ ಮರಿಗಳನ್ನೇ ತಿನ್ನುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ್ ಕುಂಡನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಒಂದು ಕಣಜದ ಕೊಳವೆಯ ತುದಿಯಲ್ಲಿ ಸತುವು ಇರುವುದನ್ನು ತೋರಿಸಿದರು. ಗಟ್ಟಿ ಹಸಿಗಾಯಿಯನ್ನು ಕೊರೆಯಲು ಲೋಹ ಬೆರೆತ ಮೊನೆ! ಅದೇ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿ, ಕಣಜ, ಇರುವೆಗಳ ನಂಟನ್ನು ವರ್ಷಗಟ್ಟಲೆ ಬಿಡಿಸಿದ್ದಾರೆ. ನಮ್ಮ ತೋಟಗಳಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳು ಅತ್ತಿ ಗೊಂಚಲಿನ ಮೇಲೆ ಏಕೆ ಅಲೆದಾಡುತ್ತಿರುತ್ತವೆ ಎಂದರೆ ಅವು ಕಣಜಗಳನ್ನು ಹಿಡಿಯಲು ಕಾಯುತ್ತಿವೆ. ಹೊರಗಿನಿಂದ ಚುಚ್ಚುವ ಕಣಜಗಳು ಕಾಯಿಯ ಮೇಲೆ ಬಹಳ ಹೊತ್ತು ಕೂರಬೇಕಾದ್ದರಿಂದ ಇರುವೆಯ ಬಾಯಿಗೆ ಸುಲಭವಾಗಿ ಸಿಗುತ್ತವೆ, ಅಷ್ಟರ ಮಟ್ಟಿಗೆ ಮರಕ್ಕೂ ಕಾವಲು.

ಎಲೆಗಳ ಮೇಲೆ ಏಳುವ ಗಂಟುಗಳನ್ನೂ ಮಕ್ಕಳು ಬೇಗ ಗಮನಿಸುತ್ತಾರೆ. ಅವು ರೋಗವಲ್ಲ, ಇನ್ನೊಂದು ಪುಟ್ಟ ಕೀಟ ತನ್ನ ಮರಿಗಳಿಗಾಗಿ ಎಲೆಯಿಂದಲೇ ಕಟ್ಟಿಸಿಕೊಂಡ ಮನೆ.

ಈಗ ಬೇಲಿಯಾಚೆಯ ವಿಷಯ. ಹೊರಗೆ ಹಾರಿದ ಹೆಣ್ಣು ಕಣಜಕ್ಕೆ ಇರುವುದು ಒಂದೆರಡು ದಿನಗಳ ಆಯುಷ್ಯ. ಅಷ್ಟರೊಳಗೆ ಅದು ಎಳೆಗಾಯಿ ಬಿಟ್ಟ ಅತ್ತಿ ಮರವನ್ನು ಮುಟ್ಟಬೇಕು. ತಾನು ಹುಟ್ಟಿದ ಮರದಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗ ಸಿಗದು, ಏಕೆಂದರೆ ಒಂದು ಮರದ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೆ ಬೆಳೆಯುತ್ತವೆ. ಕಣಜ ಹೊರಡುವ ದಿನ ಆ ಮರದಲ್ಲಿರುವುದೆಲ್ಲ ಹಣ್ಣಾಗಲಿರುವ ಕಾಯಿಗಳೇ. ಆದ್ದರಿಂದ ಬೇರೊಂದು ಮರ ಬೇಕು, ಅದು ಬೇರೆ ಘಟ್ಟದಲ್ಲಿರಬೇಕು. ಅತ್ತಿ ಮರಗಳಿಗೆ ಮಾವಿನಂತೆ ಊರಿಗೆಲ್ಲ ಒಂದೇ ಸುಗ್ಗಿ ಇಲ್ಲದಿರುವುದು ಇದಕ್ಕೇ. ಒಂದು ಮರ ಸಂಕ್ರಾಂತಿಯ ಹೊತ್ತಿಗೆ ಹಣ್ಣಾದರೆ ಇನ್ನೊಂದು ಯುಗಾದಿಗೆ, ಮತ್ತೊಂದು ಕಕ್ಕಡ ತಿಂಗಳ ಮಳೆಯಲ್ಲಿ. ಬೆಂಕಿಪೆಟ್ಟಿಗೆ ಅಪರೂಪವಾಗಿದ್ದ ಕಾಲದಲ್ಲಿ ಒಲೆ ಆರಿದ ಮನೆಯವರು ನೆರೆಮನೆಯಿಂದ ಕೆಂಡ ತರುತ್ತಿದ್ದರು, ಊರಿನಲ್ಲಿ ಎಲ್ಲಾದರೂ ಒಂದು ಒಲೆ ಉರಿಯುತ್ತಿದ್ದರೆ ಸಾಕಿತ್ತು. ಅತ್ತಿಯ ಕಣಜಗಳೂ ಹಾಗೆಯೇ ಮರದಿಂದ ಮರಕ್ಕೆ ಉಳಿದು ಬಂದಿವೆ.

ಆ ಊರು ಎಷ್ಟು ದೊಡ್ಡದು? ಈ ಕಣಜಗಳು ಮರದ ನೆತ್ತಿಯ ಮೇಲಕ್ಕೇರಿ ಗಾಳಿಯಲ್ಲಿ ತೇಲುತ್ತವೆ, ವಾಸನೆ ಸಿಕ್ಕ ಕಡೆ ಕೆಳಗಿಳಿಯುತ್ತವೆ. ಆಫ್ರಿಕಾದ ನಮೀಬಿಯಾದಲ್ಲಿ ಮರುಭೂಮಿಯ ನದಿಯೊಂದರ ದಂಡೆಯಲ್ಲಿ ನಮ್ಮ ಅತ್ತಿಯ ಹತ್ತಿರದ ಬಂಧುವಾದ ಮರದ ಕಣಜಗಳನ್ನು ಅಧ್ಯಯನ ಮಾಡಿ, ಪರಾಗ 160 ಕಿಲೋಮೀಟರ್ ದೂರದವರೆಗೂ ಸಾಗಿದ್ದನ್ನು 2009ರಲ್ಲಿ ವರದಿ ಮಾಡಲಾಯಿತು. ಅಷ್ಟು ದೂರ ಹಾರಬಲ್ಲದು ಎಂದಮಾತ್ರಕ್ಕೆ ಮರಗಳು ಎಷ್ಟು ವಿರಳವಾದರೂ ಪರವಾಗಿಲ್ಲ ಎಂದರ್ಥವಲ್ಲ. ಹಾರಿದ ಕಣಜಗಳಲ್ಲಿ ಹೆಚ್ಚಿನವು ಯಾವ ಮರವನ್ನೂ ಮುಟ್ಟದೆ ಸಾಯುತ್ತವೆ. ಒಂದು ಪ್ರದೇಶದಲ್ಲಿ ಕಣಜದ ಸರಪಳಿ ಕಡಿಯದೆ ಇರಲು ಎಷ್ಟು ಮರ ಬೇಕೆಂದು 1990ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ವಿಜ್ಞಾನಿಗಳಿಗೆ ಬಂದ ಉತ್ತರ ನೂರಕ್ಕೆ ಹತ್ತಿರವಾಗಿತ್ತು. ಎಳೆಗಾಯಿಗಳು ಕಣಜಕ್ಕಾಗಿ ಹೆಚ್ಚು ದಿನ ಕಾಯಬಲ್ಲವಾದರೆ ಕಡಿಮೆ ಮರಗಳೂ ಸಾಕೆಂದು ನಂತರದ ಲೆಕ್ಕಗಳು ತೋರಿಸಿದವು. ಹೇಗಿದ್ದರೂ ಒಂದೆರಡು ಮರಗಳಿಂದ ಸಾಗುವ ಬಾಳಲ್ಲ ಅದು. ಕಣಜ ಬಾರದ ಎಳೆಗಾಯಿಗಳನ್ನು ಮರ ಸಾಮಾನ್ಯವಾಗಿ ಉದುರಿಸಿಬಿಡುತ್ತದೆ. ಕೆಲವೊಮ್ಮೆ ಅತ್ತಿಯ ಬುಡದಲ್ಲಿ ಗೋಲಿಯಷ್ಟೂ ಬೆಳೆಯದ ಹಸಿರು ಗುಂಡುಗಳು ರಾಶಿ ಬಿದ್ದಿರುತ್ತವೆ. ಯಾವ ಹುಡುಗನೂ ಕಲ್ಲು ಹೊಡೆದಿಲ್ಲ, ಗಾಳಿಯೂ ಬೀಸಿಲ್ಲ ಎಂದಾದರೆ ಕಣಜಗಳು ಸಮಯಕ್ಕೆ ತಲುಪದೆ ಹೋಗಿರುವ ಸಾಧ್ಯತೆಯಿದೆ.

ಮಂಗಟ್ಟೆಯಿಂದ ಕಾಡುಕುರಿಯವರೆಗೆ ಎಲ್ಲರೂ ಅತ್ತಿಯ ಬಳಗವನ್ನು ನಂಬಲು ಮರಗಳು ಬೇರೆ ಬೇರೆ ಕಾಲಕ್ಕೆ ಹಣ್ಣಾಗುವುದೇ ಮೂಲ. ಕಾಡಿನ ಉಳಿದ ಹಣ್ಣುಗಳು ಮುಗಿದ ತಿಂಗಳಲ್ಲೂ ಎಲ್ಲೋ ಒಂದು ಅತ್ತಿ, ಬಸರಿ ಅಥವಾ ಗೋಣಿ ಹಣ್ಣಾಗಿರುತ್ತದೆ. ಕಣಜದ ಬದುಕಿಗಾಗಿ ಏರ್ಪಟ್ಟ ಹೊಂದಾಣಿಕೆ ಹಕ್ಕಿಗಳ ಬರಗಾಲವನ್ನು ನೀಗುತ್ತದೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆಲ್ಲೂ ಇರದ ಬೂದು ಬಣ್ಣದ ಮಲೆ ಮಂಗಟ್ಟೆ ಕೊಡಗಿನ ತೋಟಗಳಲ್ಲಿ ಕೇಕೆ ಹಾಕುತ್ತ ಹಾರುವುದನ್ನು ನೀವು ಕೇಳಿರುತ್ತೀರಿ. ಮಾಕುಟ್ಟ, ಬ್ರಹ್ಮಗಿರಿಯ ಕಡೆ ದೊಡ್ಡ ಮಂಗಟ್ಟೆಯೂ ಇದೆ. ಹೆಣ್ಣು ಮಂಗಟ್ಟೆ ಬೇಸಿಗೆಯಲ್ಲಿ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಬಿರುಕಿನಷ್ಟು ಉಳಿಸಿ ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗೂ ಉಣಿಸುವುದು ಗಂಡು. ಅದು ಗಂಟಲಲ್ಲಿ ತುಂಬಿಕೊಂಡು ತರುವ ಹಣ್ಣುಗಳಲ್ಲಿ ಬಹುಪಾಲು ಅತ್ತಿಯ ಬಳಗದವು. ಆ ತಿಂಗಳುಗಳಲ್ಲಿ ಸುತ್ತಮುತ್ತ ಹಣ್ಣಾದ ಮರವಿಲ್ಲದಿದ್ದರೆ ಪೊಟರೆಯೊಳಗಿನ ಸಂಸಾರ ಏನಾಗುತ್ತದೆಂದು ಹೇಳಬೇಕಿಲ್ಲ.

ಹಸಿರು ಪಾರಿವಾಳ, ಪಿಕಳಾರ, ಬೆಟ್ಟದ ಮೈನಾ ಹಗಲಿನವು. ರಾತ್ರಿ ಹಾರುವ ಅಳಿಲು, ಪುನುಗು, ಬಾವಲಿ. ಬಾವಲಿ ಹಣ್ಣನ್ನು ಕಚ್ಚಿಕೊಂಡು ಬೇರೆ ಮರಕ್ಕೆ ಹೋಗಿ ತಿನ್ನುವುದರಿಂದ ಬೀಜ ದೂರ ಬೀಳುತ್ತದೆ. ತೋಡಿಗೆ ಬಿದ್ದ ಹಣ್ಣಿಗೆ ಮೀನುಗಳು ಬಾಯಿ ಹಾಕುತ್ತವೆ, ಕಾವೇರಿಯ ಬಿಳಿಮೀನಿಗೂ ದಂಡೆಯ ಅತ್ತಿ ಹಣ್ಣು ಇಷ್ಟ. ನೆಲಕ್ಕೆ ಬಿದ್ದದ್ದು ಕಾಡುಕುರಿಗೆ, ಮುಳ್ಳುಹಂದಿಗೆ. ಕೇರಳದ ಗಡಿಯ ಈಚೆಗಿರುವ ನಮ್ಮ ಮಕ್ಕಳಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕೋಯಿಕ್ಕೋಡಿನಲ್ಲಿ 2018ರಲ್ಲಿ ಕಾಣಿಸಿಕೊಂಡ ನಿಫಾ ವೈರಾಣುವಿನ ಸಹಜ ನೆಲೆ ಹಣ್ಣು ತಿನ್ನುವ ಬಾವಲಿಗಳು. ಅದಕ್ಕಾಗಿ ಬಾವಲಿಗಳನ್ನು ಓಡಿಸುವುದು ಬೇಡ. ಕಚ್ಚಿದ ಗುರುತಿರುವ, ನೆಲಕ್ಕೆ ಬಿದ್ದ ಹಣ್ಣನ್ನು ಬಾಯಿಗೆ ಹಾಕಬಾರದು, ಅಷ್ಟು ಕಲಿಸಿದರೆ ಸಾಕು. ಆನೆ ಓಡಾಡುವ ಕಡೆ ಮುಂಜಾನೆ, ಮುಸ್ಸಂಜೆ ದೊಡ್ಡವರಿಲ್ಲದೆ ಮರದ ಬಳಿ ಹೋಗಬಾರದು ಎಂಬುದನ್ನು ಕೊಡಗಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳೆಯುವ ಈ ಜಿಲ್ಲೆಯಲ್ಲಿ ಅತ್ತಿಯ ಕಣಜಕ್ಕೆ ದಾರಿ ಉಳಿದಿರುವುದು ಎರಡು ಕಾರಣಗಳಿಂದ. ಒಂದು, ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು. ಒಟ್ಟು ಸೇರಿದರೆ ಎರಡೂವರೆ ಸಾವಿರ ಹೆಕ್ಟೇರಿನಷ್ಟಿದ್ದರೂ ಅವು ಊರೂರಿಗೆ ಹಂಚಿಹೋಗಿವೆ, ಕಣಜಕ್ಕೆ ಬೇಕಾದದ್ದೂ ಅದೇ. ಇನ್ನೊಂದು, ನೆರಳಿಗಾಗಿ ಅತ್ತಿ, ಬಸರಿ, ಗೋಣಿಗಳನ್ನು ಉಳಿಸಿಕೊಂಡ ಹಿರಿಯ ಬೆಳೆಗಾರರ ಕ್ರಮ. ಈ ಎರಡನೆಯದು ಸಡಿಲವಾಗುತ್ತಿದೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೇರವಾಗಿ, ಬೇಗನೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ನಾಡಮರಗಳ ವಿಷಯ ಹಾಗಲ್ಲ. ಸರ್ಕಾರಕ್ಕೆ ಮರಗಳ ಬೆಲೆ ಪಾವತಿಯಾಗದ ಜಮೀನುಗಳಲ್ಲಿ ಅವುಗಳ ಮೇಲೆ ಬೆಳೆಗಾರನಿಗೆ ಪೂರ್ತಿ ಹಕ್ಕೇ ಇಲ್ಲ. ತನ್ನದಲ್ಲದ ಮರವನ್ನು ಸಾಕುವುದಕ್ಕಿಂತ ತನ್ನದಾಗುವ ಮರವನ್ನು ನೆಡುವುದು ಲಾಭವೆಂದು ಬೆಳೆಗಾರ ಯೋಚಿಸಿದರೆ ಅವನನ್ನು ದೂರಲು ನನಗೆ ಮನಸ್ಸಿಲ್ಲ. ನಿಯಮವೇ ಅವನನ್ನು ಆ ಕಡೆಗೆ ತಳ್ಳುತ್ತಿದೆ, ಬದಲಾಗಬೇಕಾದದ್ದು ಅದು. ಆದರೆ ತೋಟಕ್ಕೊಂದರಂತೆ ಅತ್ತಿ ಹೋಗುತ್ತ ಬಂದರೆ ಉಳಿಸಿಕೊಂಡವನ ಮರಕ್ಕೂ ಕಣಜಗಳು ಬರುವುದು ಕಡಿಮೆಯಾಗುತ್ತದೆ ಎಂಬುದನ್ನು ನೆರೆಹೊರೆಯ ಬೆಳೆಗಾರರು ಒಟ್ಟಿಗೆ ಕುಳಿತು ಯೋಚಿಸಲೇಬೇಕು.

ನಿಯಮ ಬದಲಾಗುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ವಾರಕ್ಕೊಮ್ಮೆ ಕಾಯಿಯ ಗಾತ್ರ, ಬಣ್ಣ, ಅದರ ಗೋಡೆಯಲ್ಲಿ ಕಣಜ ಹೊರಬಂದ ತೂತು ಇದೆಯೇ, ಆ ದಿನ ಯಾವ ಹಕ್ಕಿ ಬಂದಿತ್ತು ಎಂದು ಬರೆಯಲಿ. ನೆರೆತೋಟದ ಗೆಳೆಯರೂ ತಮ್ಮ ಅತ್ತಿಗೆ ಇದನ್ನೇ ಮಾಡಿದರೆ ಯಾವ ಮರ ಕಣಜ ಕಳಿಸುತ್ತಿದೆ, ಆ ಹೊತ್ತಿಗೆ ಯಾವುದು ಬರಮಾಡಿಕೊಳ್ಳಲು ಸಿದ್ಧವಿದೆ ಎಂಬುದು ಒಂದು ವರ್ಷದಲ್ಲಿ ಅವರಿಗೇ ಗೊತ್ತಾಗುತ್ತದೆ. ಕಳೆ ಕೊಚ್ಚಿಸುವಾಗ ತೋಡಿನ ಬದಿಯಲ್ಲಿ ತಾನಾಗಿ ಎದ್ದ ಅತ್ತಿ ಸಸಿಗಳನ್ನು ಬಿಡಲು ಹೇಳಿ. ಮಳೆಗಾಲಕ್ಕೆ ಮುಂಚೆ ನೆರಳುಮರಗಳ ರೆಂಬೆ ಕಡಿಸುವ ಮರಕಪಾತಿನಲ್ಲಿ ಅತ್ತಿಯ ಮೇಲಿನ ಸಣ್ಣ ರೆಂಬೆಗಳನ್ನು ತೆಗೆಸಿದರೆ ಕಾಫಿಗೆ ಬೇಕಾದ ಬೆಳಕು ಸಿಗುತ್ತದೆ, ಕಾಯಿ ಕಾಂಡದಲ್ಲೂ ದಪ್ಪ ಕೊಂಬೆಗಳಲ್ಲೂ ಇರುವುದರಿಂದ ಅದಕ್ಕೆ ಹೆಚ್ಚು ಹಾನಿಯಿಲ್ಲ. ಬಸರಿ, ಗೋಣಿಗಳ ಕಾಯಿ ಎಲೆಗಳ ನಡುವಿನ ರೆಂಬೆಗಳಲ್ಲೇ ಇರುತ್ತದೆ. ಅವುಗಳ ವಿಷಯದಲ್ಲಿ ಮರ ಹತ್ತುವವರಿಗೆ ಮೊದಲು ಕಾಯಿ ಇದೆಯೇ ಎಂದು ನೋಡಲು ಹೇಳಬೇಕು. ಇದ್ದರೆ ಆ ಕೊಂಬೆಗಳ ಕಪಾತನ್ನು ಹಣ್ಣು ಮುಗಿಯುವವರೆಗೆ ಮುಂದೂಡಬೇಕು.